ಡ್ಯಾನ್ಯೂಬ್ ದಾಟಿದ ಗಾಥರು

ಕ್ರಿ.ಶ. ನಾಲ್ಕನೆಯ ಶತಮಾನದಲ್ಲಿ ಗಾಥರು ಕಪ್ಪು ಸಮುದ್ರದ ಉತ್ತರದಲ್ಲಿ, ಈಗಿನ ಉಕ್ರೇನ್, ಮಾಲ್ಡೋವಾ, ರೊಮೇನಿಯಾಗಳ ಬಯಲಿನಲ್ಲಿ ಬೇಸಾಯ ಮಾಡಿಕೊಂಡಿದ್ದರು. ಅಲ್ಲಿನ ಚೆರ್ನ್ಯಾಖಿವ್ ಸಂಸ್ಕೃತಿಯ ನೆಲೆಗಳನ್ನು ಅಗೆದಾಗ ತಿಗರಿಯ ಮೇಲೆ ಮಾಡಿದ ಮಡಕೆಗಳ ಜೊತೆಗೆ ದ್ರಾಕ್ಷಾರಸ ತುಂಬಿ ಬಂದ ರೋಮನ್ ಜಾಡಿಗಳ ಚೂರುಗಳೂ ಸಿಗುತ್ತವೆ. ಆಗಾಗ ಯುದ್ಧ ನಡೆಯುತ್ತಿದ್ದರೂ ಇವರಿಗೂ ರೋಮಿಗೂ ವ್ಯಾಪಾರ ನಿಂತಿರಲಿಲ್ಲ. ಗಾಥ್ ಯುವಕರು ರೋಮನ್ ಸೇನೆಯಲ್ಲಿ ದುಡಿಯುತ್ತಿದ್ದರು.

ಪೂರ್ವದಿಂದ ಹೂಣರು ನುಗ್ಗಿದಾಗ ಈ ಬದುಕು ಕುಸಿಯಿತು. 376ರಲ್ಲಿ ತೆರ್ವಿಂಗಿ ಎಂಬ ಗುಂಪಿನ ಗಾಥರು ಹೆಂಡಿರು ಮಕ್ಕಳೊಡನೆ ರೋಮನ್ ಗಡಿಯಾಗಿದ್ದ ಡ್ಯಾನ್ಯೂಬ್ ನದಿಯ ದಂಡೆಗೆ ಬಂದು ಆಶ್ರಯ ಕೇಳಿದರು. ಸೈನಿಕರೂ ರೈತರೂ ಸಿಗುತ್ತಾರೆಂದು ಪೂರ್ವ ರೋಮನ್ ಚಕ್ರವರ್ತಿ ವ್ಯಾಲೆನ್ಸ್ ಒಪ್ಪಿದ. ಆದರೆ ದಾಟಿ ಬಂದವರಿಗೆ ಆಹಾರ ಒದಗಿಸುವ ಹೊಣೆ ಹೊತ್ತ ಲುಪಿಸಿನಸ್ ಮತ್ತು ಮ್ಯಾಕ್ಸಿಮಸ್ ಎಂಬ ಅಧಿಕಾರಿಗಳು ಹಸಿವನ್ನೇ ಬಂಡವಾಳ ಮಾಡಿಕೊಂಡರು. ಒಂದು ನಾಯಿಯ ಮಾಂಸಕ್ಕೆ ಒಬ್ಬ ಮನುಷ್ಯನನ್ನು ಗುಲಾಮನಾಗಿ ಪಡೆಯುತ್ತಿದ್ದರು. ಗಾಥ್ ನಾಯಕರ ಮಕ್ಕಳನ್ನೂ ಬಿಡಲಿಲ್ಲ ಎಂದು ಸಮಕಾಲೀನ ಇತಿಹಾಸಕಾರ, ತಾನೂ ಸೈನಿಕನಾಗಿದ್ದ ಅಮಿಯಾನಸ್ ಬರೆದಿದ್ದಾನೆ. ರೋಮನ್ನನೇ ಬರೆದ ಈ ಆರೋಪವನ್ನು ಲಘುವಾಗಿ ತಳ್ಳಿಹಾಕುವಂತಿಲ್ಲ. ಆಶ್ರಯ ಕೇಳಿ ಬಂದವರನ್ನು ಬಂಡುಕೋರರನ್ನಾಗಿ ಮಾಡಿದ್ದು ಈ ದುರಾಸೆಯೇ. ಮಾರ್ಸಿಯಾನೋಪಲ್ ನಗರದಲ್ಲಿ ಔತಣಕ್ಕೆ ಕರೆದ ನಾಯಕರ ಕಾವಲುಗಾರರನ್ನು ಲುಪಿಸಿನಸ್ ಕೊಲ್ಲಿಸಿದಾಗ ದಂಗೆ ಸಿಡಿಯಿತು. ಅದರ ಮುಂದಾಳು ಫ್ರಿಟಿಗರ್ನ್.

378ರ ಆಗಸ್ಟ್ 9ರಂದು ಏಡ್ರಿಯಾನೋಪಲ್ ಬಳಿ, ಅಂದರೆ ಈಗಿನ ಟರ್ಕಿಯ ಎದಿರ್ನೆ ಸಮೀಪ, ಪಶ್ಚಿಮದ ಚಕ್ರವರ್ತಿ ಗ್ರೇಷಿಯನ್ನನ ಸೇನೆ ಬರುವವರೆಗೂ ಕಾಯದೆ ವ್ಯಾಲೆನ್ಸ್ ಯುದ್ಧಕ್ಕಿಳಿದ. ಸುಡುಬಿಸಿಲಿನಲ್ಲಿ ನಡೆದು ಬಾಯಾರಿದ್ದ ಅವನ ಸೈನಿಕರು ಗಾಥರ ಬಂಡಿಗಳ ಕೋಟೆಯೆದುರು ನಿಂತಿದ್ದಾಗಲೇ ಮೇವಿಗೆ ಹೋಗಿದ್ದ ಗಾಥ್ ಅಶ್ವದಳ ಮರಳಿ ಬಂದು ಎರಗಿತು. ರೋಮನ್ ಸೇನೆಯ ಮೂರನೆಯ ಎರಡು ಭಾಗ ನಾಶವಾಯಿತು. ಚಕ್ರವರ್ತಿಯ ಶವವೂ ಸಿಗಲಿಲ್ಲ.

ಮುಂದೆ ಚಕ್ರವರ್ತಿಯಾಗಿ ಬಂದ ಥಿಯೋಡೋಸಿಯಸ್‌ಗೆ ಗಾಥರನ್ನು ಸೋಲಿಸಲಾಗಲಿಲ್ಲ. 382ರ ಒಪ್ಪಂದದಂತೆ ಅವರಿಗೆ ಸಾಮ್ರಾಜ್ಯದೊಳಗೆ ಭೂಮಿ ಸಿಕ್ಕಿತು. ಬದಲಿಗೆ ಅವರು ಯುದ್ಧಕ್ಕೆ ಸೈನಿಕರನ್ನು ಕೊಡಬೇಕಿತ್ತು. 394ರ ಫ್ರಿಜಿಡಸ್ ಕದನದಲ್ಲಿ ಥಿಯೋಡೋಸಿಯಸ್ ಪರವಾಗಿ ಹೋರಾಡಿದ ಗಾಥ್ ತುಕಡಿಗಳು ಭಾರಿ ಸಾವುನೋವು ಅನುಭವಿಸಿದವು. ಅವರ ನಾಯಕ ಅಲಾರಿಕ್ ಭೂಮಿ, ಧಾನ್ಯ, ಸೇನಾಪದವಿಗಾಗಿ ವರ್ಷಗಟ್ಟಲೆ ಒತ್ತಾಯಿಸಿ, ಸಂಧಾನ ಮುರಿದಾಗ 410ರ ಆಗಸ್ಟ್‌ನಲ್ಲಿ ರೋಮ್ ನಗರವನ್ನು ಮೂರು ದಿನ ಲೂಟಿ ಮಾಡಿದ. ಅದೇ ವರ್ಷ ಅವನೂ ಸತ್ತ. 418ರಲ್ಲಿ ಪಶ್ಚಿಮದ ಸರ್ಕಾರ ಗಾಥರಿಗೆ ದಕ್ಷಿಣ ಫ್ರಾನ್ಸಿನ ಅಕ್ವಿಟೇನ್‌ನಲ್ಲಿ ನೆಲೆ ಕೊಟ್ಟಿತು. ಟೂಲೂಸ್ ಅವರ ರಾಜಧಾನಿಯಾಗಿ, ಶತಮಾನ ಮುಗಿಯುವ ಮೊದಲೇ ಅಲ್ಲಿ ವಿಸಿಗಾಥರೆಂದು ಕರೆಯಲಾದ ಈ ಗಾಥರ ಸ್ವತಂತ್ರ ರಾಜ್ಯ ಬೆಳೆಯಿತು.