ಹಳೆ ರೇವಾಗೆ ಹೊಸ ಬ್ಯಾಟರಿ

2001ರಲ್ಲಿ ಬೆಂಗಳೂರಿನಲ್ಲಿ ರಸ್ತೆಗಿಳಿದ ರೇವಾ ಎಂಬ ಪುಟ್ಟ ವಿದ್ಯುತ್ ಕಾರು ಹಲವರಿಗೆ ನೆನಪಿರಬಹುದು. ಉದ್ಯಮಿ ಚೇತನ್ ಮೈನಿ ಅವರ ಕನಸಿನ ಕೂಸು. ಲಂಡನ್ನಿನಲ್ಲಿ ‘ಜಿ-ವಿಜ್’ ಎಂಬ ಹೆಸರಲ್ಲಿ ಓಡಿದ್ದು. 2010ರಲ್ಲಿ ಕಂಪನಿ ಮಹೀಂದ್ರಾ ಕೈ ಸೇರಿತು, ಆಮೇಲೆ ರೇವಾ ತಯಾರಿಕೆಯೇ ನಿಂತಿತು. ಈಗ ಉಳಿದಿರುವ ರೇವಾಗಳ ಹೊರಮೈ ಪ್ಲಾಸ್ಟಿಕ್ಕಿನದು, ತುಕ್ಕು ಹಿಡಿಯುವುದಿಲ್ಲ. ಸಾಯುವುದು ಬ್ಯಾಟರಿ. ಅದನ್ನು ಮನೆಯಂಗಳದಲ್ಲೇ ಬದಲಿಸಿ ಗಾಡಿಗೆ ಮರುಜೀವ ಕೊಡುವ ಕಸುಬು ನಮ್ಮ ಮೆಕ್ಯಾನಿಕ್‌ಗಳಿಗೂ ಒಗ್ಗುವಂಥದ್ದು.

ಮೂಲ ರೇವಾದ ಸೀಟಿನಡಿ ತಲಾ 6 ವೋಲ್ಟಿನ ಎಂಟು ಲೆಡ್ ಆಸಿಡ್ ಬ್ಯಾಟರಿಗಳಿದ್ದವು. ಒಟ್ಟು 48 ವೋಲ್ಟ್, ತೂಕ ಕಾಲು ಟನ್ನಿನಷ್ಟು. ಡಿಸ್ಟಿಲ್ಡ್ ವಾಟರ್ ಹಾಕುವುದು ಮರೆತರೆ ಕಥೆ ಮುಗಿಯಿತು. ಇಂಥ ಬ್ಯಾಟರಿಯ ಉಷ್ಣತೆ ಹತ್ತು ಡಿಗ್ರಿ ಏರಿದರೆ ಆಯುಷ್ಯ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ನಮ್ಮ ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರಿನ ಏಪ್ರಿಲ್ ಬಿಸಿಲು ಎಂಥದೆಂದು ಹೇಳಬೇಕಿಲ್ಲ.

ಈಗಿನ ಒಳ್ಳೆಯ ಬದಲಿ ಲಿಥಿಯಂ ಐರನ್ ಫಾಸ್ಫೇಟ್. ಒಂದು ಸೆಲ್ 3.2 ವೋಲ್ಟ್; ಹದಿನಾರನ್ನು ಸಾಲಾಗಿ ಜೋಡಿಸಿದರೆ 51.2 ವೋಲ್ಟ್. 200 ಆಂಪಿಯರ್ ಅವರ್ ಸೆಲ್ ಹಾಕಿದರೆ ಹತ್ತು ಯೂನಿಟ್ಟಿನಷ್ಟು ವಿದ್ಯುತ್ ಕೂರುತ್ತದೆ, ತೂಕ ಹಳೆಯದರ ಮೂರನೇ ಒಂದು ಭಾಗ. ಈ ಜಿಲ್ಲೆಯಲ್ಲಿ ಹರಪನಹಳ್ಳಿಯಿಂದ ಕೊಟ್ಟೂರಿಗೋ, ಹಗರಿಬೊಮ್ಮನಹಳ್ಳಿಯಿಂದ ಹಡಗಲಿಗೋ ಹೋಗಿ ಬರಲು ಅಷ್ಟು ಸಾಕು.

ಆದರೆ ಎಡವುವುದು ಬ್ಯಾಟರಿಯಲ್ಲಲ್ಲ, ಚಾರ್ಜರ್‌ನಲ್ಲಿ. ಹಳೆ ಚಾರ್ಜರ್ ಲೆಡ್ ಆಸಿಡ್‌ನ ಮನಸ್ಸರಿತದ್ದು. ಎಲ್ಲ ಸೆಲ್‌ಗಳನ್ನೂ ಒಂದೇ ಮಟ್ಟಕ್ಕೆ ತರಲು ಅದು ಆಗಾಗ 60 ವೋಲ್ಟ್ ದಾಟಿಸುತ್ತದೆ. ಹದಿನಾರು ಲಿಥಿಯಂ ಸೆಲ್‌ಗಳ ಲಕ್ಷ್ಮಣರೇಖೆ 58.4 ವೋಲ್ಟ್, ಅಂದರೆ ಸೆಲ್ಲಿಗೆ 3.65. ಜಾಣರು 56ರ ಆಸುಪಾಸಿನಲ್ಲೇ ನಿಲ್ಲಿಸುತ್ತಾರೆ. ಓಟ ಹೆಚ್ಚೇನೂ ಕುಗ್ಗದು, ಸೆಲ್ ಮಾತ್ರ ಹೆಚ್ಚು ವರ್ಷ ಬಾಳುತ್ತದೆ. ಆದ್ದರಿಂದ ಹೊಸ ಸೆಲ್ ಜೊತೆ ಹೊಸ ಚಾರ್ಜರ್ ಕಡ್ಡಾಯವೆಂದೇ ನನ್ನ ಮತ. 15 ಆಂಪಿಯರ್ ಪ್ಲಗ್ಗಿಗೆ 2 ಕಿಲೋವಾಟ್ ಚಾರ್ಜರ್ ಸಾಕು, ರಾತ್ರಿ ಕಳೆಯುವುದರೊಳಗೆ ತುಂಬುತ್ತದೆ. ಆ ಪ್ಲಗ್ಗಿನ ಅರ್ಥಿಂಗ್ ಮೊದಲು ಪರೀಕ್ಷಿಸಿ. ಗಾಡಿ ನಿಲ್ಲಿಸುವ ಕೊಟ್ಟಿಗೆಯಲ್ಲಿ ಅರ್ಥಿಂಗ್ ತಂತಿ ಗೋಡೆಯೊಳಗೆ ಎಲ್ಲಿಗೆ ಹೋಗಿದೆಯೆಂದು ಮನೆಯವರಿಗೇ ಗೊತ್ತಿರುವುದಿಲ್ಲ.

ಮುಂದಿನದು ಬಿಎಂಎಸ್, ಅಂದರೆ ಬ್ಯಾಟರಿ ಮ್ಯಾನೇಜ್‌ಮೆಂಟ್ ಸಿಸ್ಟಂ. ಪ್ರತಿ ಸೆಲ್ಲಿನ ವೋಲ್ಟೇಜು, ಕಾವು ನೋಡಿಕೊಂಡು ಅಪಾಯ ಕಂಡರೆ ಸಂಪರ್ಕ ಕಡಿಯುವ ಕಾವಲುಗಾರ ಅದು. ಇ-ರಿಕ್ಷಾಗೆಂದು ಅಂಗಡಿಯಲ್ಲಿ ಸಿಗುವ 100 ಆಂಪಿಯರಿನ ಬಿಎಂಎಸ್ ಇಲ್ಲಿ ನಡೆಯದು. ಏರಿನಲ್ಲಿ ರೇವಾದ ಮೋಟಾರು ಅದಕ್ಕಿಂತ ಬಹಳ ಹೆಚ್ಚು ಎಳೆಯಬಲ್ಲದು. ಇನ್ನೊಂದು ಸೂಕ್ಷ್ಮ ಇದೆ: ಬ್ರೇಕ್ ಒತ್ತಿದಾಗ ಮೋಟಾರೇ ವಿದ್ಯುತ್ ಹುಟ್ಟಿಸಿ ಬ್ಯಾಟರಿಗೆ ಮರಳಿಸುತ್ತದೆ. ತುಂಬಿ ತುಳುಕುವ ಬ್ಯಾಟರಿಗೆ ಅದು ನುಗ್ಗಿದರೆ ಬಿಎಂಎಸ್ ದಿಢೀರನೆ ಕಡಿಯುತ್ತದೆ, ಇಳಿಜಾರಿನಲ್ಲಿ ಬ್ರೇಕಿನ ಹಿಡಿತ ಒಮ್ಮೆಲೇ ಸಡಿಲವಾಗುತ್ತದೆ. ಪೂರ್ತಿ ತುಂಬದೆ ಒಂದಿಷ್ಟು ಜಾಗ ಉಳಿಸುವುದಕ್ಕೆ ಇದೂ ಕಾರಣ.

ಚಾರ್ಜ್ ತೋರಿಸುವ ಹಳೆ ಮುಳ್ಳೂ ಸುಳ್ಳು ಹೇಳತೊಡಗುತ್ತದೆ. ಲಿಥಿಯಂ ಐರನ್ ಫಾಸ್ಫೇಟ್‌ನ ವೋಲ್ಟೇಜು ಬರಿದಾಗುವ ತುಸು ಮೊದಲಿನವರೆಗೂ ಹೆಚ್ಚು ಕದಲುವುದಿಲ್ಲ. ಒಳಬಂದ, ಹೊರಹೋದ ಆಂಪಿಯರ್ ಎಣಿಸುವ ಶಂಟ್ ಮೀಟರ್ ಹಾಕಿಸಿ. ಇಲ್ಲದಿದ್ದರೆ ಹಡಗಲಿ ದಾರಿಯ ನಟ್ಟನಡುವೆ ನಿಲ್ಲಬೇಕಾದೀತು.

ಪೆಟ್ರೋಲ್ ಕಾರನ್ನೇ ವಿದ್ಯುತ್ತಿಗೆ ಬದಲಿಸಿದವರಿಗೆ ಕಾನೂನಿನ ಮಾತೂ ಉಂಟು. ಬದಲಾವಣೆಗೆ ಬಳಸಿದ ಕಿಟ್ ಎಐಎಸ್-123 ಮಾನದಂಡದಂತೆ ಮಾನ್ಯತೆ ಪಡೆದಿರಬೇಕು. ಬದಲಾವಣೆ 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನಡಿ ಆರ್‌ಸಿಯಲ್ಲಿ ನಮೂದಾಗಬೇಕು. ಇಲ್ಲದಿದ್ದರೆ ಅಪಘಾತವಾದಾಗ ವಿಮೆ ಹಣ ಸಿಗುವುದು ಕಷ್ಟ. ರೇವಾದ ಬ್ಯಾಟರಿ ಬದಲಿಸಿದ್ದನ್ನೂ ವಿಮಾ ಕಂಪನಿಗೆ ಬರೆದು ತಿಳಿಸುವುದು ಮೇಲು.

ಗುಜರಿಯಿಂದ ತಂದ ಸೆಲ್‌ಗಳು ಅಗ್ಗಕ್ಕೆ ಸಿಗುತ್ತವೆ. ಪ್ರತಿ ಸೆಲ್ಲಿನ ಸಾಮರ್ಥ್ಯ ಅಳೆದು ತೋರಿಸದವರಿಂದ ಕೊಳ್ಳಬೇಡಿ, ಫ್ಯೂಸ್ ಇಲ್ಲದೆ ಗಾಡಿ ಹೊರತೆಗೆಯಬೇಡಿ.