ಪರದೇಶದ ಔಷಧ ಅಂಚೆಯಲ್ಲಿ ಬರುವಾಗ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಎಂಬ ಗಾದೆ ನಮ್ಮಲ್ಲಿ ಬಹಳ ಹಳೆಯದು. ಸುಂಕದ ಕಟ್ಟೆಯಲ್ಲಿ ಕೂತವನು ಕಲ್ಲೆದೆಯವನೆಂದು ಅದರ ಅರ್ಥವಲ್ಲ. ಅವನ ಕೈ ಕಾಯಿದೆಗೆ ಕಟ್ಟುಬಿದ್ದಿರುತ್ತದೆ; ಕಣ್ಣೀರನ್ನು ನೋಡಿ ಗಂಟನ್ನು ಬಿಡುವ ಅಧಿಕಾರ ಅವನಿಗಿಲ್ಲ, ಕಾಗದವನ್ನು ನೋಡಿ ಬಿಡುವ ಅಧಿಕಾರ ಉಂಟು. ಪರದೇಶದಿಂದ ಔಷಧ ತರಿಸುವವರು ಈ ಮಾತನ್ನು ಮೊದಲು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಎಷ್ಟೋ ತೊಂದರೆ ತಪ್ಪುತ್ತದೆ.

ಈಗ ನಮ್ಮ ಸಂಘದ ಮನೆಗಳಲ್ಲಿ ಮಗನೋ ಮಗಳೋ ಅಮೆರಿಕೆಯಲ್ಲಿ, ಇಂಗ್ಲೆಂಡಿನಲ್ಲಿ, ಸಿಂಗಪುರದಲ್ಲಿ ಇಲ್ಲವೇ ದುಬಾಯಿಯಲ್ಲಿ ಇರುವುದು ಸಾಮಾನ್ಯವಾಗಿದೆ. ತಂದೆಗೆ ಕಾಯಿಲೆಯೆಂದು ತಿಳಿದೊಡನೆ, "ಇಲ್ಲಿ ಒಳ್ಳೆಯ ಮಾತ್ರೆ ಸಿಗುತ್ತದೆ, ಪಾರ್ಸಲು ಮಾಡುತ್ತೇನೆ" ಎಂದು ಅಲ್ಲಿಂದ ದೂರವಾಣಿ ಬರುತ್ತದೆ. ಪ್ರೀತಿಯಿಂದ ಕಟ್ಟಿದ ಆ ಪೊಟ್ಟಣ ವಿದೇಶಿ ಅಂಚೆ ಕಚೇರಿಯವರೆಗೆ ಬಂದು ಅಲ್ಲೇ ಕೂರುತ್ತದೆ. ಹತ್ತು ದಿನದ ಮೇಲೆ ಮನೆಗೆ ಬರುವುದು ಔಷಧವಲ್ಲ, ದಾಖಲೆಗಳನ್ನು ತನ್ನಿರೆಂಬ ತಿಳಿವಳಿಕೆ ಪತ್ರ. ಇತ್ತ ರೋಗಿಯ ಡಬ್ಬಿಯಲ್ಲಿ ಮಾತ್ರೆ ತೀರುತ್ತಾ ಬಂದಿರುತ್ತದೆ.

ಇಂಥ ಕಾನೂನು ಏಕೆ?

ನಮ್ಮ ದೇಶಕ್ಕೆ ಒಂದು ಕಾಲದಲ್ಲಿ ಹೊರಗಿನಿಂದ ಬರುವ ಔಷಧಕ್ಕೆ ಸರಿಯಾದ ಕಾವಲೇ ಇರಲಿಲ್ಲ. ಕಲಬೆರಕೆಯ ಮತ್ತು ಸತ್ವವಿಲ್ಲದ ಔಷಧಗಳ ದೂರು ಹೆಚ್ಚಿದಾಗ 1930ರಲ್ಲಿ ಕರ್ನಲ್ ಆರ್. ಎನ್. ಚೋಪ್ರಾ ಅವರ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿಯೊಂದು ನೇಮಕವಾಯಿತು. ಅದರ ವರದಿಯ ಫಲವಾಗಿ ಬಂದದ್ದು 1940ರ ಔಷಧ ಕಾಯಿದೆ. ಅದರ ಕೆಳಗೆ 1945ರಲ್ಲಿ ನಿಯಮಗಳಾದವು. ಅನೇಕ ತಿದ್ದುಪಡಿಗಳೊಡನೆ ಇವೇ ಇಂದಿಗೂ ಜಾರಿಯಲ್ಲಿವೆ.

ಕಾವಲು ಸಡಿಲವಾದರೆ ಏನಾಗುತ್ತದೆಂಬುದನ್ನು ಮುಂಬಯಿಯ ಹಿರಿಯರು ಮರೆತಿರಲಾರರು. 1986ರಲ್ಲಿ ಅಲ್ಲಿನ ಜೆ. ಜೆ. ಆಸ್ಪತ್ರೆಯಲ್ಲಿ ವಿಷ ಬೆರೆತ ಗ್ಲಿಸರಿನ್ ಕೊಟ್ಟದ್ದರಿಂದ 14 ಮಂದಿ ರೋಗಿಗಳು ಪ್ರಾಣ ಕಳೆದುಕೊಂಡರು. ನ್ಯಾಯಮೂರ್ತಿ ಲೆಂಟಿನ್ ಅವರ ಆಯೋಗ ಅದರ ವಿಚಾರಣೆ ನಡೆಸಿತು. ಆ ಸರಕು ಪರದೇಶದ ಅಂಚೆಯಲ್ಲಿ ಬಂದದ್ದಲ್ಲ ನಿಜ. ಆದರೆ ಸೀಸೆಯ ಮೇಲಿನ ಹೆಸರನ್ನು ನಂಬಿದರೆ ಸಾಲದೆಂಬ ಪಾಠ ಎಲ್ಲಕ್ಕೂ ಒಂದೇ. ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಹತ್ತು ಔಷಧಗಳಲ್ಲಿ ಸುಮಾರು ಒಂದು ನಕಲಿ ಇಲ್ಲವೇ ಕಳಪೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಹೇಳಿತು. ಅಂತರಜಾಲದಲ್ಲಿ ಮುಖ ಕಾಣದ ಅಂಗಡಿಗಳಿಂದ ಮಾತ್ರೆ ತರಿಸುವವರು ಈ ಮಾತನ್ನು ಎರಡು ಸಲ ಓದುವುದು ಲೇಸು.

ಕೈಯಲ್ಲಿ ತರುವುದು ಬೇರೆ, ಅಂಚೆಯಲ್ಲಿ ತರಿಸುವುದು ಬೇರೆ

ಲೈಸೆನ್ಸು ಇಲ್ಲದೆ ಔಷಧವನ್ನು ದೇಶದೊಳಗೆ ತರುವುದು ಸಾಮಾನ್ಯವಾಗಿ ನಿಷಿದ್ಧ. ಆದರೆ ಸ್ವಂತ ಉಪಯೋಗಕ್ಕಾಗಿ ತರುವ ಅಲ್ಪ ಪ್ರಮಾಣಕ್ಕೆ ಕಾಯಿದೆಯೇ ವಿನಾಯಿತಿ ಕೊಟ್ಟಿದೆ. ಅದರ ಷರತ್ತುಗಳು 1945ರ ನಿಯಮಗಳ 36ನೆಯ ನಿಯಮದಲ್ಲಿವೆ. ಇದರಲ್ಲಿ ಎರಡು ದಾರಿಗಳಿವೆ. ಜನರು ತಪ್ಪುವುದು ಇವೆರಡನ್ನು ಒಂದೇ ಎಂದು ತಿಳಿಯುವುದರಿಂದ.

ಮೊದಲನೆಯದು ಪ್ರಯಾಣಿಕನು ತನ್ನ ಸಾಮಾನಿನೊಡನೆ ತರುವುದು. ಔಷಧವು ಆ ಪ್ರಯಾಣಿಕನ ಸ್ವಂತದ್ದಾಗಿರಬೇಕು, ಅವನೊಬ್ಬನ ಉಪಯೋಗಕ್ಕೇ ಇರಬೇಕು. ಸುಂಕದ ಅಧಿಕಾರಿ ಕೇಳಿದರೆ ಘೋಷಿಸಬೇಕು. ಯಾವ ಒಂದು ಔಷಧವೂ ನೂರು ಸರಾಸರಿ ಸೇವನೆಯ ಪ್ರಮಾಣವನ್ನು ಮೀರಕೂಡದು. ದಿನಕ್ಕೊಂದು ಮಾತ್ರೆಯಾದರೆ ಇದು ಮೂರು ತಿಂಗಳಿಗೆ ಮೇಲಾಯಿತು. ದಿನಕ್ಕೆ ಮೂರಾದರೆ ತಿಂಗಳೊಂದಕ್ಕೆ ತುಸು ಹೆಚ್ಚು, ಅಷ್ಟೇ. ಹೆಚ್ಚು ಬೇಕಾದ ವಿಶೇಷ ಸಂದರ್ಭದಲ್ಲಿ ಅಧಿಕಾರಿಯ ಅಪ್ಪಣೆ ಪಡೆಯಬೇಕು.

"ಪಕ್ಕದ ಮನೆಯವರ ಅಳಿಯ ಬರುತ್ತಾನಂತೆ, ಅವನ ಕೈಯಲ್ಲಿ ಕಳಿಸು" ಎನ್ನುವುದು ನಮ್ಮಲ್ಲಿ ರೂಢಿ. ನಿಯಮವನ್ನು ಅಕ್ಷರಶಃ ಓದಿದರೆ ಈ ವಿನಾಯಿತಿ ಆ ಅಳಿಯನ ಸ್ವಂತ ಔಷಧಕ್ಕೆ ಮಾತ್ರ. ನಿಮ್ಮ ತಂದೆಯವರ ಔಷಧಕ್ಕಲ್ಲ. ಉಪಕಾರ ಮಾಡಲು ಬಂದವನನ್ನು ವಿಮಾನ ನಿಲ್ದಾಣದಲ್ಲಿ ಪೇಚಿಗೆ ಸಿಕ್ಕಿಸುವುದು ಧರ್ಮವಲ್ಲ.

ಎರಡನೆಯದು ಅಂಚೆ ಅಥವಾ ಕೊರಿಯರಿನ ಮೂಲಕ ತರಿಸುವುದು. ಇಲ್ಲಿ ನೂರು ಮಾತ್ರೆಯ ಲೆಕ್ಕ ನಡೆಯದು. ಹತ್ತೇ ಮಾತ್ರೆಯಾದರೂ ಮೊದಲು ಪರವಾನಿಗೆ ಬೇಕು. ಅರ್ಜಿಯ ನಮೂನೆಗೆ 12-ಎ ಎಂದೂ, ಸಿಗುವ ಪರವಾನಿಗೆಗೆ 12-ಬಿ ಎಂದೂ ಹೆಸರು. ಔಷಧವು ನಿಜವಾಗಿ ಸ್ವಂತ ಉಪಯೋಗಕ್ಕೆಂದು ಅಧಿಕಾರಿಗೆ ಮನವರಿಕೆಯಾಗಬೇಕು. ಪ್ರಮಾಣ ನ್ಯಾಯವಾದದ್ದೆಂದು ತೋರಬೇಕು. ನೋಂದಾಯಿತ ವೈದ್ಯರ ಚೀಟಿ ಅದಕ್ಕೆ ಆಧಾರವಾಗಿರಬೇಕು. ಈ ಪರವಾನಿಗೆ ಕೊಡುವುದು ಕೇಂದ್ರ ಸರ್ಕಾರದ ಔಷಧ ನಿಯಂತ್ರಣ ಸಂಸ್ಥೆ. ಈಗ ಅರ್ಜಿಯನ್ನು ಅದರ 'ಸುಗಮ್' ಎಂಬ ಜಾಲತಾಣದಲ್ಲಿ ಮನೆಯಿಂದಲೇ ಸಲ್ಲಿಸಬಹುದು. ವೈದ್ಯರ ಚೀಟಿ, ರೋಗಿಯ ಗುರುತಿನ ಮತ್ತು ವಿಳಾಸದ ದಾಖಲೆ, ರೋಗದ ವರದಿಗಳು ಇವನ್ನು ಮೊದಲೇ ಜೋಡಿಸಿಟ್ಟುಕೊಂಡಿರಬೇಕು.

ಪರವಾನಿಗೆ ಕೈಗೆ ಬಂದ ಮೇಲೆ ಔಷಧವನ್ನು ಹೊರಡಿಸುವುದೇ ಕ್ರಮ. ಪಾರ್ಸಲು ಬಂದು ಕೂತ ಮೇಲೆ ಅರ್ಜಿ ಬರೆಯಲು ಹೊರಡುವುದು ಮನೆ ಹತ್ತಿಕೊಂಡಾಗ ಬಾವಿ ತೋಡಿದಂತೆ. ಎರಡರಿಂದ ಎಂಟು ಡಿಗ್ರಿ ಸೆಲ್ಸಿಯಸ್ ತಂಪಿನಲ್ಲೇ ಇರಬೇಕಾದ ಇನ್ಸುಲಿನ್ ಮುಂತಾದ ಔಷಧಗಳಲ್ಲಿ ಈ ತಡವು ಕೇವಲ ತಡವಲ್ಲ. ಮುಂಬಯಿಯ ಬೇಸಗೆಯಲ್ಲಿ ಕೆಲವು ದಿನ ಗೋದಾಮಿನಲ್ಲಿ ಕೂತ ಸೀಸೆ ಕೈಗೆ ಬಂದರೂ ಉಪಯೋಗಕ್ಕೆ ಬಾರದೆ ಹೋಗಬಹುದು.

ಚೀಟಿಯಲ್ಲಿ ಏನಿರಬೇಕು?

ಅಲ್ಲಿನ ವೈದ್ಯರು ಬರೆದ ಚೀಟಿಯನ್ನೇ ನೆಚ್ಚದೆ, ರೋಗಿಯನ್ನು ನೋಡುತ್ತಿರುವ ಇಲ್ಲಿನ ನೋಂದಾಯಿತ ವೈದ್ಯರಿಂದ ಬರೆಸಬೇಕು. ರೋಗಿಯ ಹೆಸರು ಗುರುತಿನ ಚೀಟಿಯಲ್ಲಿದ್ದಂತೆಯೇ ಇರಲಿ. ನಮ್ಮವರಲ್ಲಿ ಊರಿನ ಹೆಸರು, ತಂದೆಯ ಹೆಸರು, ಮನೆತನದ ಹೆಸರು ಎಂದು ಒಂದೊಂದು ಕಾಗದದಲ್ಲಿ ಒಂದೊಂದು ಬಗೆ ಇರುವುದರಿಂದ ಇದನ್ನು ಒತ್ತಿ ಹೇಳಬೇಕಾಗಿದೆ. ಔಷಧದ ಮೂಲ ಹೆಸರು, ಅದರ ಬಲ, ದಿನಕ್ಕೆ ಎಷ್ಟು, ಎಷ್ಟು ದಿನಕ್ಕೆ, ಇವು ಸ್ಪಷ್ಟವಾಗಿರಬೇಕು. ವೈದ್ಯರ ನೋಂದಣಿ ಸಂಖ್ಯೆಯೂ ಸಹಿಯೂ ತಾರೀಖೂ ಇರಲಿ.

ಪೊಟ್ಟಣ ಕಟ್ಟುವವರಿಗೂ ಎರಡು ಮಾತು. ಮಾತ್ರೆಗಳನ್ನು ಸೀಸೆಯಿಂದ ತೆಗೆದು ಬೇರೆ ಡಬ್ಬಿಗೆ ತುಂಬಬಾರದು. ಮೂಲ ಲೇಬಲು ಹಾಗೇ ಇರಬೇಕು. ಅಂಚೆಯ ಘೋಷಣಾ ಪತ್ರದಲ್ಲಿ ಔಷಧವೆಂದೇ ಬರೆದು, ನಿಜವಾದ ಬೆಲೆ ನಮೂದಿಸಬೇಕು. ತಿಂಡಿಯೆಂದೋ ಸೋಪೆಂದೋ ಬರೆದರೆ ಕ್ರಮಬದ್ಧವಾದ ವಸ್ತುವೂ ಕಳ್ಳಸಾಗಣೆಯ ಬಣ್ಣ ಪಡೆಯುತ್ತದೆ. ಪರವಾನಿಗೆಯ ಮತ್ತು ಚೀಟಿಯ ಪ್ರತಿಗಳನ್ನು ಪೊಟ್ಟಣದೊಡನೆ ಇಡಲಿ. ಇನ್ನೊಂದು ಪ್ರತಿ ನಿಮ್ಮಲ್ಲಿರಲಿ.

ಸುಂಕದ ಮಾತು

2019ರ ಡಿಸೆಂಬರ್ 12ರಂದು ಕೇಂದ್ರ ಸರ್ಕಾರವು ಅಂಚೆ ಮತ್ತು ಕೊರಿಯರಿನಲ್ಲಿ 'ಕಾಣಿಕೆ' ಎಂಬ ಹೆಸರಿನಲ್ಲಿ ವಸ್ತುಗಳನ್ನು ಬಿಡಿಸಿಕೊಳ್ಳುವುದನ್ನು ನಿಷೇಧಿಸಿತು. ಆ ಆಜ್ಞೆಯಿಂದ ಎರಡೇ ವಸ್ತುಗಳನ್ನು ಹೊರಗಿಟ್ಟಿತು: ಒಂದು ರಾಖಿ, ಇನ್ನೊಂದು ಜೀವರಕ್ಷಕ ಔಷಧ. ತಂಗಿಯ ದಾರಕ್ಕೂ ರೋಗಿಯ ಮದ್ದಿಗೂ ಸರ್ಕಾರ ಬಾಗಿಲು ತೆರೆದಿಟ್ಟಿತೆಂಬುದು ಸಂತೋಷದ ಸಂಗತಿಯೇ. ಆದರೆ ಈ ರಿಯಾಯಿತಿಯಿಂದ 12-ಬಿ ಪರವಾನಿಗೆಯ ಅಗತ್ಯ ತಪ್ಪುವುದಿಲ್ಲ.

ಔಷಧಗಳಿಗೆ ಸಾಮಾನ್ಯವಾಗಿ ಶೇಕಡ 10ರ ಮೂಲ ಸುಂಕವೆಂದೂ, ಕೆಲವು ಜೀವರಕ್ಷಕಗಳಿಗೆ ಶೇಕಡ 5 ಅಥವಾ ಏನೂ ಇಲ್ಲವೆಂದೂ 2023ರ ಸರ್ಕಾರಿ ಪ್ರಕಟಣೆ ತಿಳಿಸಿತ್ತು. ಇದರ ಮೇಲೆ ಜಿ.ಎಸ್.ಟಿ. ಸೇರುತ್ತದೆ. 2025ರ ಸೆಪ್ಟೆಂಬರ್ 22ರಿಂದ ಬಹುತೇಕ ಔಷಧಗಳಿಗೆ ಈ ತೆರಿಗೆ ಶೇಕಡ 12ರಿಂದ 5ಕ್ಕೆ ಇಳಿದಿದೆ. ದರಗಳು ಬಜೆಟ್ಟಿನಿಂದ ಬಜೆಟ್ಟಿಗೆ ಬದಲಾಗುವುದರಿಂದ ಆಯಾ ಸಮಯದಲ್ಲಿ ವಿಚಾರಿಸಿಕೊಳ್ಳಬೇಕು.

ಸುಂಕವೆಂಬುದು ಕೆಲವು ಮನೆಗಳಿಗೆ ನೂರು ಇನ್ನೂರು ರೂಪಾಯಿಯ ಮಾತಲ್ಲ. 2021ರಲ್ಲಿ ಮುಂಬಯಿಯ ಒಂದು ಹಸುಳೆಗೆ ಬೆನ್ನುಹುರಿಯ ನರಗಳನ್ನು ಕ್ಷಯಿಸುವ ಎಸ್.ಎಂ.ಎ. ಎಂಬ ರೋಗ ಬಂದಾಗ, ಅಮೆರಿಕೆಯಿಂದ ತರಿಸಬೇಕಾಗಿದ್ದ ಒಂದೇ ಒಂದು ಚುಚ್ಚುಮದ್ದಿನ ಬೆಲೆ ಸುಮಾರು 16 ಕೋಟಿ ರೂಪಾಯಿ. ಸಾವಿರಾರು ಜನ ಕೈಲಾದಷ್ಟು ಕೊಟ್ಟು ಆ ಹಣ ಕೂಡಿತು. ಅದರ ಮೇಲೆ ಸುಮಾರು 6 ಕೋಟಿ ರೂಪಾಯಿ ತೆರಿಗೆ! ಕೇಂದ್ರ ಸರ್ಕಾರ ಅದನ್ನು ಮನ್ನಾ ಮಾಡಿತು. ಆದರೆ ಪ್ರತಿಯೊಂದು ಮಗುವಿನ ತಂದೆತಾಯಿಯೂ ದಿಲ್ಲಿಯ ಬಾಗಿಲು ತಟ್ಟಲು ಸಾಧ್ಯವೆ?

ಈ ಪ್ರಶ್ನೆಗೆ ಬಹುಮಟ್ಟಿನ ಉತ್ತರ 2023ರ ಏಪ್ರಿಲ್ 1ರಿಂದ ದೊರೆಯಿತು. 2021ರ ವಿರಳ ರೋಗಗಳ ರಾಷ್ಟ್ರೀಯ ನೀತಿಯ ಪಟ್ಟಿಯಲ್ಲಿರುವ ಎಲ್ಲ ರೋಗಗಳಿಗೂ, ಸ್ವಂತ ಉಪಯೋಗಕ್ಕೆ ತರಿಸುವ ಔಷಧ ಮತ್ತು ವಿಶೇಷ ವೈದ್ಯಕೀಯ ಆಹಾರದ ಮೂಲ ಸುಂಕ ಪೂರ್ತಿಯಾಗಿ ರದ್ದಾಯಿತು. ಇದಕ್ಕೆ ಕೇಂದ್ರ ಅಥವಾ ರಾಜ್ಯದ ಆರೋಗ್ಯ ಸೇವೆಗಳ ನಿರ್ದೇಶಕರಿಂದಾಗಲಿ, ಜಿಲ್ಲಾ ವೈದ್ಯಾಧಿಕಾರಿ ಅಥವಾ ಸಿವಿಲ್ ಸರ್ಜನ್ನರಿಂದಾಗಲಿ ಪ್ರಮಾಣಪತ್ರ ಪಡೆಯಬೇಕು. ಹತ್ತು ಕಿಲೋ ತೂಕದ ಮಗುವಿಗೆ ಇಂಥ ಕೆಲವು ರೋಗಗಳ ಚಿಕಿತ್ಸೆಗೆ ವರ್ಷಕ್ಕೆ 10 ಲಕ್ಷದಿಂದ 1 ಕೋಟಿ ರೂಪಾಯಿಗೂ ಮೇಲೆ ತಗಲುತ್ತದೆಂದು ಸರ್ಕಾರವೇ ಹೇಳಿದೆ. ಅಂಥಲ್ಲಿ ಶೇಕಡ ಹತ್ತು ಉಳಿದರೂ ಒಂದು ಸಂಸಾರ ಉಸಿರಾಡುತ್ತದೆ. ದಿಲ್ಲಿಯ ಏಮ್ಸ್, ಮುಂಬಯಿಯ ಕೆ.ಇ.ಎಂ. ಆಸ್ಪತ್ರೆ, ಹೈದರಾಬಾದಿನ ನಿಜಾಮ್ಸ್ ಸಂಸ್ಥೆ, ಬೆಂಗಳೂರಿನ ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಮುಂತಾದವು ಈ ನೀತಿಯ ವಿಶೇಷ ಕೇಂದ್ರಗಳು. ಪೇಚಿನಲ್ಲಿರುವವರು ಮೊದಲು ಅಲ್ಲಿ ವಿಚಾರಿಸಬೇಕು.

ಮುಟ್ಟಲೇಬಾರದ ಮಾತ್ರೆಗಳು

ಮತ್ತು ಬರಿಸುವ ಹಾಗೂ ಮನಸ್ಸಿನ ಮೇಲೆ ಪ್ರಭಾವ ಬೀರುವ ವಸ್ತುಗಳಿಗೆ 1985ರ ಬೇರೊಂದು ಕಾಯಿದೆ ಉಂಟು. ಅದು ಬಹಳ ಕಠಿಣ. ಮಾರ್ಫಿನ್, ಕೋಡೀನ್, ಡಯಜೆಪಾಮ್, ಅಲ್ಪ್ರಜೋಲಾಮ್, 2018ರಿಂದ ಟ್ರಮಡಾಲ್ ಸಹ ಇದರ ಕಣ್ಗಾವಲಿನಲ್ಲಿವೆ. ಚಂಚಲ ಸ್ವಭಾವದ ಮಕ್ಕಳಿಗೆಂದು ಅಮೆರಿಕೆಯಲ್ಲಿ ವೈದ್ಯರು ಸಹಜವಾಗಿ ಬರೆದುಕೊಡುವ ಆಂಫೆಟಮಿನ್ ಜಾತಿಯ ಮಾತ್ರೆಗಳೂ ಇದರೊಳಗೆ ಬರುತ್ತವೆ. ರಜೆಗೆ ಬಂದ ಮೊಮ್ಮಗನ ಮಾತ್ರೆ ಮುಗಿಯಿತೆಂದು ಅಲ್ಲಿಂದ ಅಂಚೆಯಲ್ಲಿ ತರಿಸಲು ಹೋಗಬೇಡಿ. ಇಲ್ಲಿನ ತಜ್ಞ ವೈದ್ಯರನ್ನು ಕಂಡು ಬದಲಿ ಉಪಾಯ ಕೇಳುವುದೇ ಸುರಕ್ಷಿತ.

ಮೊದಲು ಮನೆ ಬಾಗಿಲಲ್ಲಿ ಹುಡುಕಿ

ಎಷ್ಟೋ ಸಲ ಪರದೇಶದ ಔಷಧ ಬೇಕಾಗಿರುವುದೇ ಇಲ್ಲ, ಹೆಸರಿನ ಭ್ರಮೆಯಷ್ಟೇ. ಅಮೆರಿಕೆಯವರು ಅಸೆಟಮಿನೋಫೆನ್ ಎನ್ನುವುದು ನಮ್ಮ ಪ್ಯಾರಾಸಿಟಮಾಲ್. ಉಬ್ಬಸಕ್ಕೆ ಅವರು ಕೊಡುವ ಅಲ್ಬ್ಯುಟೆರಾಲ್ ನಮ್ಮ ಸಾಲ್ಬ್ಯುಟಮಾಲ್. ಸಕ್ಕರೆ ಕಾಯಿಲೆಯ ಗ್ಲೈಬ್ಯುರೈಡ್ ನಮ್ಮ ಗ್ಲಿಬೆನ್‌ಕ್ಲಮೈಡ್. ಅಲ್ಲಿಂದ ಹಿಂತಿರುಗಿದ ಹಿರಿಯರು ಅಲ್ಲಿನ ಸೀಸೆಯನ್ನು ವೈದ್ಯರಿಗೆ ತೋರಿಸಿ ಮೂಲ ಹೆಸರಿನಿಂದ ವಿಚಾರಿಸಿದರೆ, ಅದೇ ಮದ್ದು ಬೀದಿಯ ತುದಿಯ ಅಂಗಡಿಯಲ್ಲಿ ಅಗ್ಗವಾಗಿ ಸಿಕ್ಕುವುದುಂಟು. ಅಮೆರಿಕೆಯಲ್ಲಿ ಬಿಕರಿಯಾಗುವ ಮಾತ್ರೆಗಳಲ್ಲಿ ಎಷ್ಟೋ ಭಾರತದಲ್ಲೇ ತಯಾರಾದವು. ಅವನ್ನು ಮತ್ತೆ ಅಂಚೆಯಲ್ಲಿ ಇಲ್ಲಿಗೆ ತರಿಸುವುದು ಗಂಗೆಯ ದಡದಲ್ಲಿ ಕೂತು ನೀರನ್ನು ಕೊಂಡಂತೆ.

ಇಲ್ಲಿಂದ ಅಲ್ಲಿಗೆ ಕಳಿಸುವಾಗ

ಮಗಳ ಬಾಣಂತನಕ್ಕೆಂದು ಆರು ತಿಂಗಳು ಅಮೆರಿಕೆಗೆ ಹೋದ ತಾಯಿಗೆ ರಕ್ತದೊತ್ತಡದ ಮಾತ್ರೆ ಸಾಲದೆ ಬಂದಿತೆನ್ನಿ. ಆ ದೇಶದಲ್ಲೂ ಔಷಧದ ಸ್ವಂತ ಆಮದು ಸಾಮಾನ್ಯವಾಗಿ ನಿಷಿದ್ಧವೇ. ಆದರೂ ಬಂದುಹೋಗುವ ಪರದೇಶದವರ ವಿಷಯದಲ್ಲಿ ಅಲ್ಲಿನ ಆಹಾರ ಮತ್ತು ಔಷಧ ಇಲಾಖೆ ಸುಮಾರು 90 ದಿನಗಳಿಗೆ ಸಾಕಾಗುವಷ್ಟಕ್ಕೆ ಅವಕಾಶ ಕೊಡುತ್ತದೆ. ಅದಕ್ಕಿಂತ ಹೆಚ್ಚು ಕಾಲ ಉಳಿದವರಿಗೆ ಅಂಚೆಯಲ್ಲಿ ಕಳಿಸುವಾಗ ಪಾಸ್‌ಪೋರ್ಟ್ ಮತ್ತು ವೀಸಾದ ಪ್ರತಿ, ವೈದ್ಯರ ಪತ್ರ, ಇಂಗ್ಲಿಷಿನಲ್ಲಿ ಬರೆದ ಚೀಟಿಯ ಪ್ರತಿ ಇವು ಪೊಟ್ಟಣದೊಡನೆ ಇರಬೇಕು. ಜಪಾನಿನಲ್ಲಿ ವೈದ್ಯರ ಚೀಟಿಯ ಔಷಧಕ್ಕೆ ಒಂದು ತಿಂಗಳ ಮಿತಿ. ಅದನ್ನು ಮೀರಿದರೆ ಮುಂಚಿತವಾಗಿ ಒಪ್ಪಿಗೆ ಬೇಕು. ಕೊಲ್ಲಿಯ ನಾಡುಗಳಲ್ಲಿ ನೋವಿನ ಮತ್ತು ನಿದ್ರೆಯ ಮಾತ್ರೆಗಳ ಬಗ್ಗೆ ಬಹು ಕಟ್ಟುನಿಟ್ಟು. ನಮ್ಮಲ್ಲಿ ಮಾಮೂಲಾದ ಮಾತ್ರೆ ಅಲ್ಲಿ ಅಪರಾಧವಾಗಬಹುದು. ಒಂದೊಂದು ದೇಶದ ಪದ್ಧತಿ ಒಂದೊಂದು. ಹೊರಡುವ ಮುಂಚೆ ವಿಚಾರಿಸುವುದು ಕ್ಷೇಮ.

ಸಂಘದ ಕೆಲಸ

ಈ ಊರುಗಳಲ್ಲಿ ನಮ್ಮವರು ಮೊದಲು ಸಂಘ ಕಟ್ಟಿದಾಗ, ಹೊಸದಾಗಿ ಬಂದವನಿಗೆ ರೇಷನ್ ಚೀಟಿ ಮಾಡಿಸುವುದು, ಆಸ್ಪತ್ರೆಯಲ್ಲಿ ಮಾತಿನ ನೆರವು ಕೊಡುವುದು, ಇವೂ ಅದರ ಕೆಲಸಗಳೇ ಆಗಿದ್ದವು. ಇಂದು ಜಾಲತಾಣದ ಅರ್ಜಿ ತುಂಬಲು ತಿಳಿಯದ ವೃದ್ಧ ದಂಪತಿಗಳು ಪ್ರತಿ ಬಡಾವಣೆಯಲ್ಲೂ ಇದ್ದಾರೆ, ಮಕ್ಕಳು ದೂರದಲ್ಲಿದ್ದಾರೆ. ಸಂಘದ ತರುಣ ತರುಣಿಯರಲ್ಲಿ ಇಬ್ಬರು ಮೂವರು ವಾರಕ್ಕೆ ಒಂದು ಗಂಟೆ ಕೊಟ್ಟು 12-ಎ ನಮೂನೆಯನ್ನು ತುಂಬಿಸಿಕೊಟ್ಟರೆ, ಆಸ್ಪತ್ರೆಯ ವರದಿಗಳನ್ನು ಜೋಡಿಸಿಕೊಟ್ಟರೆ, ಅದು ರಾಜ್ಯೋತ್ಸವದ ಮೆರವಣಿಗೆಗೆ ಕಡಮೆಯಾದ ಕನ್ನಡ ಸೇವೆಯಲ್ಲ. ಹಿರಿಯರು ತಮ್ಮ ಪಾಲಿಗೆ ವೈದ್ಯರ ಚೀಟಿ, ವರದಿ, ಗುರುತಿನ ಪ್ರತಿಗಳನ್ನು ಒಂದೇ ಕಡತದಲ್ಲಿ ಕಟ್ಟಿಟ್ಟಿರಲಿ. ಔಷಧದ ಡಬ್ಬಿ ಖಾಲಿಯಾಗಲು ಎರಡು ತಿಂಗಳು ಇರುವಾಗಲೇ ಅರ್ಜಿ ಹೊರಡಲಿ.