ಎಸ್‌ಎಂಬಿ 1 ಎಂಬ ರಾಮಬಾಣ

ಮನೆಯ ಒಂದು ವಿಂಡೋಸ್ ಕಂಪ್ಯೂಟರ್‌ನಲ್ಲಿ ಶೇರ್ ಮಾಡಿದ ಫೋಲ್ಡರ್ ಇನ್ನೊಂದರಲ್ಲಿ ತೆರೆಯುತ್ತಿಲ್ಲ ಎಂದು ಯಾರಿಗಾದರೂ ಹೇಳಿ. ‘ಎಸ್‌ಎಂಬಿ 1ಕ್ಕೆ ಟಿಕ್ ಹಾಕಿ ರೀಸ್ಟಾರ್ಟ್ ಮಾಡಿ’ ಎಂಬ ಉತ್ತರ ಥಟ್ಟನೆ ಬರುತ್ತದೆ. ಯಾಕೆ ಎಂದರೆ, ‘ವಿಡಿಯೋದಲ್ಲಿ ಹಾಗೇ ಹೇಳಿದ್ದಾರೆ’.

ಈ ಸಲಹೆ ಇನ್ನೂ ಸಾಯದಿರಲು ಕಾರಣವಿದೆ. ನೆಟ್‌ವರ್ಕ್ ಕಿಟಕಿಯಲ್ಲಿ ಅಕ್ಕಪಕ್ಕದ ಕಂಪ್ಯೂಟರ್‌ಗಳ ಪಟ್ಟಿ ತೋರಿಸುತ್ತಿದ್ದ ಹಳೆಯ ಸರ್ವಿಸ್, ಫೈಲ್ ಹಂಚಿಕೆಯ ಹಳೇ ಪ್ರೋಟೊಕಾಲ್ ಆದ ಎಸ್‌ಎಂಬಿ 1ರ ಆಸರೆಯಲ್ಲೇ ಬದುಕಿತ್ತು. ಟಿಕ್ ಹಾಕಿದರೆ ಐಕಾನ್ ಮತ್ತೆ ಕಾಣಿಸಲೂಬಹುದು. ಆದರೆ ಐಕಾನ್ ಕಾಣುವುದು ಬೇರೆ, ಫೋಲ್ಡರ್ ತೆರೆಯುವುದು ಬೇರೆ. ಮನೆ ಮುಂದೆ ಹೆಸರಿನ ಬೋರ್ಡ್ ಇಲ್ಲವೆಂದು ಅಂಚೆಯವನು ವಾಪಸ್ ಹೋಗುತ್ತಾನೆಯೇ? ವಿಳಾಸವಿದ್ದರೆ ಸಾಕು. ಫೋಲ್ಡರ್ ಇರುವ ಯಂತ್ರದ ಐಪಿ ವಿಳಾಸ ನೋಡಿಕೊಳ್ಳಿ. ಇನ್ನೊಂದರಲ್ಲಿ ವಿಂಡೋಸ್ ಕೀ ಜೊತೆ ಆರ್ ಒತ್ತಿ, \\192.168.1.5 ಎನ್ನುವಂತೆ ಎರಡು ಬ್ಯಾಕ್‌ಸ್ಲ್ಯಾಷ್ ಹಾಕಿ ಆ ವಿಳಾಸ ಬರೆದು ಎಂಟರ್ ಕೊಡಿ. ಯೂಸರ್‌ನೇಮ್, ಪಾಸ್‌ವರ್ಡ್ ಕೇಳಿತೇ? ಹಾಗಾದರೆ ನೆಟ್‌ವರ್ಕ್‌ಗೆ ಯಾವ ರೋಗವೂ ಇಲ್ಲ.

ಮುಂದಿನ ಎಡವಟ್ಟು ಅಲ್ಲೇ ಆಗುವುದು. ದಿನಾ ಲಾಗಿನ್‌ಗೆ ಒತ್ತುವ ನಾಲ್ಕಂಕಿಯ ಪಿನ್ ಹಾಕಿ, ‘ತಪ್ಪು’ ಎಂದಾಗ ಮತ್ತೆ ಅದನ್ನೇ ಜೋರಾಗಿ ಕುಟ್ಟುತ್ತಾರೆ. ಪಿನ್ ನಡೆಯುವುದು ಆ ಯಂತ್ರದ ಮುಂದೆ ಕೂತವರಿಗೆ ಮಾತ್ರ. ನೆಟ್‌ವರ್ಕ್ ಮೂಲಕ ಬರುವವರು ಆ ಖಾತೆಯ ನಿಜವಾದ ಪಾಸ್‌ವರ್ಡನ್ನೇ ಕೊಡಬೇಕು. ಪಾಸ್‌ವರ್ಡೇ ಇಲ್ಲದ ಖಾತೆಯನ್ನು ವಿಂಡೋಸ್ ಮಾಮೂಲಾಗಿ ಒಳಗೇ ಬಿಡುವುದಿಲ್ಲ. ಇಷ್ಟಾದ ಮೇಲೂ ಐಕಾನ್ ಬೇಕೇ ಬೇಕು ಎನ್ನುವವರು ಫೋಲ್ಡರ್ ಇರುವ ಯಂತ್ರದಲ್ಲಿ ಸರ್ವಿಸಸ್‌ಗೆ ಹೋಗಿ ‘ಫಂಕ್ಷನ್ ಡಿಸ್ಕವರಿ ರಿಸೋರ್ಸ್ ಪಬ್ಲಿಕೇಷನ್’ ಎಂಬುದನ್ನು ಆಟೊಮ್ಯಾಟಿಕ್ ಮಾಡಿಕೊಳ್ಳಲಿ.

ಎಸ್‌ಎಂಬಿ 1 ಎಂಬತ್ತರ ದಶಕದ ಸರಕು. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ರ‍್ಯಾನ್ಸಮ್‌ವೇರ್ ಒಂದು ಕಂಪ್ಯೂಟರ್‌ನಿಂದ ಇನ್ನೊಂದಕ್ಕೆ ಹಾರಿದ್ದು, ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಚಿಕಿತ್ಸೆ ನಿಲ್ಲಿಸಿದ್ದು ಇದರ ತೂತಿನಿಂದಲೇ. ತೇಪೆ ಎರಡು ತಿಂಗಳ ಹಿಂದೆಯೇ ಬಂದಿತ್ತು, ಹಾಕಿಕೊಳ್ಳದವರು ಅನುಭವಿಸಿದರು. ಆ ತೂತು ಈಗ ಮುಚ್ಚಿದೆ ಎನ್ನಬಹುದು. ಆದರೂ ಎಸ್‌ಎಂಬಿ 1 ಎನ್‌ಕ್ರಿಪ್ಷನ್‌ನ ಗಂಧವೂ ಇಲ್ಲದ ಪ್ರೋಟೊಕಾಲ್. ಅದೇ ವರ್ಷದ ಕೊನೆಯಿಂದ ಮೈಕ್ರೋಸಾಫ್ಟೇ ಅದನ್ನು ಹೊರಗೆ ಹಾಕತೊಡಗಿತು. ಅದು ಬಿಟ್ಟು ಬೇರೇನೂ ಅರಿಯದ ಹಳೇ ಸ್ಕ್ಯಾನರ್ ಮನೆಯಲ್ಲಿದ್ದರೆ ಮಾತು ಬೇರೆ.

ಉಳಿದ ನಂಬಿಕೆಗಳಿಗೆ ಇಷ್ಟು ಜಾಗ ದಂಡ. ಫೈರ್‌ವಾಲ್ ಆಫ್ ಮಾಡಬೇಕಿಲ್ಲ, ನೆಟ್‌ವರ್ಕನ್ನು ಪಬ್ಲಿಕ್‌ನಿಂದ ಪ್ರೈವೇಟ್‌ಗೆ ಬದಲಿಸಿ ಫೈಲ್ ಶೇರಿಂಗ್ ಆನ್ ಮಾಡಿ. ಇಂಟರ್‌ನೆಟ್ ಹೋಗಿದ್ದರೂ ರೌಟರ್ ಆನ್ ಇದ್ದರೆ ಫೈಲ್ ಹೋಗುತ್ತದೆ. ವರ್ಕ್‌ಗ್ರೂಪ್ ಹೆಸರು ಒಂದೇ ಇರಬೇಕೆಂದಿಲ್ಲ. ಹೋಮ್‌ಗ್ರೂಪ್ ಹುಡುಕಬೇಡಿ, ವಿಂಡೋಸ್ 10ರಿಂದ ಅದನ್ನು 2018ರಲ್ಲೇ ಕಿತ್ತುಹಾಕಿದ್ದಾರೆ.

ಕೆಲಸ ಆಯಿತಲ್ಲ, ಇನ್ನೇನು ಎನ್ನುವ ಜನ ನಮ್ಮಲ್ಲಿ ಬಹಳ. ಆ ವಿಡಿಯೋಗಳ ಕೆಳಗೆ ‘ಥ್ಯಾಂಕ್ಯೂ ಸರ್, ವರ್ಕ್ ಆಯ್ತು’ ಎಂದು ಸಾಲುಗಟ್ಟಿ ಬರೆಯುತ್ತಾರೆ. ಎಸ್‌ಎಂಬಿ 1 ಸೇರಿಸಿದ ಮೇಲೆ ರೀಸ್ಟಾರ್ಟ್ ಮಾಡಲೇಬೇಕು. ಹಾಗಿರುವಾಗ ಕೆಲಸ ಮಾಡಿದ್ದು ಟಿಕ್ಕೋ ರೀಸ್ಟಾರ್ಟೋ ಎಂದು ನೋಡುವ ವ್ಯವಧಾನ ಒಬ್ಬರಿಗೂ ಇಲ್ಲ. ನೋಡುವ ಮನಸ್ಸಿದ್ದರೆ ಆ ಟಿಕ್ ತೆಗೆಯಿರಿ, ಇನ್ನೊಮ್ಮೆ ರೀಸ್ಟಾರ್ಟ್ ಮಾಡಿ, ಐಪಿ ವಿಳಾಸ ಬರೆದು ಅದೇ ಫೋಲ್ಡರ್ ತೆರೆಯಿರಿ.